ಹಗೇವಿಗೆ ಮರಳಿ ಹಾಕದ ಜೋಳ

ಚಚಡಿಯಲ್ಲಿ ನನ್ನ ಅಕ್ಕನ ಮನೆಯ ಅಂಗಳದಲ್ಲಿ ಒಂದು ಹಗೇವು ಇದೆ. ಇಂದಿನ ಓದುಗರಲ್ಲಿ ಅನೇಕರು ಹಗೇವನ್ನು ಕಂಡಿರಲಾರರು. ಗಟ್ಟಿ ಗರಸಿನ ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಕಷ್ಟಪಟ್ಟು ಇಳಿಯುವಷ್ಟು, ಹೊಟ್ಟೆ ಮಾತ್ರ ವಿಶಾಲ. ಒಳಗೆ ಸುತ್ತಲೂ ಒಣಗಿದ ಜೋಳದ ದಂಟನ್ನು ನಿಲ್ಲಿಸಿ, ನಡುವೆ ಕಾಳು ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿದರೆ ಗಾಳಿಯೂ ಒಳಗೆ ಹೋಗದು. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಉಸಿರು ಕೆಟ್ಟಿರುತ್ತದೆ. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಒಂದು ಕಾಲಕ್ಕೆ ಆ ಓಣಿಯ ಮನೆಮನೆಗೂ ಹಗೇವು ಇದ್ದಿತು. ಈಗ ಎಲ್ಲರಲ್ಲೂ ತಗಡಿನ ಕಣಜ, ಪ್ಲಾಸ್ಟಿಕ್ ಡ್ರಮ್ಮು. ಅಕ್ಕ ಒಬ್ಬಳೇ ತನ್ನದನ್ನು ಮುಚ್ಚಿಸಲಿಲ್ಲ.

"ಯವ್ವಾ, ಆ ತಗ್ಗಿನಾಗ ಯಾರರ ಬಿದ್ದಗಿದ್ದಾರು, ಮುಚ್ಚಸರಿ" ಎಂದು ನೆರೆಯವರು ಹೇಳಿದರೆ, "ಬೀಳಾವ್ರು ಕಣ್ಣ ಬಿಟ್ಕೊಂಡು ಅಡ್ಡಾಡ್ಲಿ. ನನ್ನ ಜ್ವಾಳ ಉಂಡ ಮ್ಯಾಲೆ ನಿನ್ನ ಡ್ರಮ್ಮಿನ ಜ್ವಾಳ ಗಂಟಲದಾಗ ಇಳೀತೈತೇನು, ಖರೇ ಹೇಳು" ಎನ್ನುತ್ತಿದ್ದಳು. ತನ್ನ ಹಗೇವಿನ ಜೋಳ ಮೂರು ಸುಗ್ಗಿ ಕಳೆದರೂ ಹೊಸದರಂತೆ ಮೊಳೆಯುತ್ತದೆ ಎಂಬುದು ಅವಳ ಮಾತು. ಆ ಮಾತಿನ ಮೇಲೆ ಬಿತ್ತನೆಗೆ ಬೀಜ ಕೇಳಿಕೊಂಡು ಬರುವವರೂ ಇದ್ದರು. ಅಕ್ಷರ ಬಾರದ, ಊರಿನ ಯಾವ ಕೂಟದಲ್ಲಿಯೂ ಬಾಯಿ ತೆರೆಯದ ಹೆಂಗಸಿಗೆ ಊರು ಕಿವಿಗೊಟ್ಟ ಸಂಗತಿ ಇದೊಂದೇ.

ನಾನು ನಂಬಿಕೆಯ ಮನುಷ್ಯನಲ್ಲ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಬೈಲಹೊಂಗಲದಲ್ಲಿ ಪಂಪುಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡು, ಸಂಜೆಯ ಹೊತ್ತು ವಾಚನಾಲಯದ ಪುಸ್ತಕಗಳಿಂದ ಇಂಗ್ಲಿಷನ್ನೂ ಅಷ್ಟಿಷ್ಟು ವಿಜ್ಞಾನವನ್ನೂ ಕಲಿತವನು. ಸುಟ್ಟ ಮೋಟಾರನ್ನು ತಂದವನು ಹೇಳುವ ಕಾರಣ ಯಾವಾಗಲೂ ಸುಳ್ಳಾಗಿರುತ್ತದೆ ಎಂಬುದು ಆ ಕಸುಬು ನನಗೆ ಕಲಿಸಿದ ಮೊದಲ ಪಾಠ. ಬಿಚ್ಚಿ ನೋಡದೆ ನಾನು ಏನನ್ನೂ ಒಪ್ಪಲಿಲ್ಲ. ಕಿತ್ತೂರಿನ ಕೋಟೆಯಲ್ಲಿ ಒಬ್ಬ ಗೃಹಸ್ಥ ಪ್ರವಾಸಿಗಳಿಗೆ ಸುರಂಗವೆಂದು ತೋರಿಸುತ್ತಿದ್ದ ಪೊಟರೆಯೊಳಗೆ ಬ್ಯಾಟರಿ ಹಿಡಿದು ತೆವಳಿ, ಅದು ನೀರು ಹೊರಹೋಗುವ ಕಾಲುವೆ ಎಂದು ಸಾರಿ, ಅವನಿಂದ ಬೈಸಿಕೊಂಡಿದ್ದೇನೆ. ದೇಗಾಂವದ ಗುಡಿ ಒಂದೇ ರಾತ್ರಿಯಲ್ಲಿ ಎದ್ದಿತೆಂದು ಒಬ್ಬ ಮುದುಕ ಹೇಳಿದಾಗ, ಅರ್ಧ ಕೊರೆದು ಬಿಟ್ಟ ಒಂದು ಹೂವನ್ನು ತೋರಿಸಿ ಇದೇಕೆ ಬಾಕಿ ಉಳಿಯಿತೆಂದು ಕೇಳಿದೆ. "ಕೋಳಿ ಕೂಗತ್ರಿ, ಬಿಟ್ಟು ಹ್ವಾದ್ರು" ಎಂದ. ಅವನ ಉತ್ತರವನ್ನು ಮೆಚ್ಚಿದೆ, ನಂಬಲಿಲ್ಲ. ನಾನು ಚಚಡಿಗೆ ಕಾಲಿಟ್ಟರೆ ಅಕ್ಕ ಒಳಗಿನಿಂದಲೇ ಕೂಗುತ್ತಿದ್ದಳು: "ಬಂತ ನೋಡು ಯಾಕ-ಹೆಂಗ! ಚಾ ಕುಡೀತಿಯೋ, ಅದರ ಪುರಾವಿನೂ ಬೇಕೋ?"

ಅಂಥ ನಾನು ಅಕ್ಕನ ಜೋಳದ ಬಗ್ಗೆ ಮಾತ್ರ ಪ್ರಶ್ನೆ ಎತ್ತಿದ್ದಿಲ್ಲ. ಯಾಕೆ ಎತ್ತಲಿಲ್ಲವೆಂದು ಈಗ ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ. ಅವಳ ಕೈಯ ರೊಟ್ಟಿ ತಿಂದು ಬೆಳೆದವನು, ಬಹುಶಃ ಅಷ್ಟೇ.

ಅಕ್ಕನಿಗೆ ಒಬ್ಬನೇ ಮಗ. ಅವನು ಕಿತ್ತೂರಿನಿಂದ ಮೋಟರ್‌ಸೈಕಲ್ಲಿನ ಮೇಲೆ ಮರಳುವಾಗ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಾಯ್ದು ತೀರಿಕೊಂಡ. ಸೊಸೆ ಕೈಗೂಸಾಗಿದ್ದ ಮಗಳನ್ನು ಕರೆದುಕೊಂಡು ತವರಾದ ಸಾಲಹಳ್ಳಿಗೆ ಹೋಗಿ, ಆಮೇಲೆ ರಾಮದುರ್ಗದಲ್ಲಿ ಹೊಲಿಗೆ ಮಾಡಿ ಅವಳನ್ನು ಓದಿಸಿದಳು. ಆ ಹುಡುಗಿ ಕೃಷಿ ವಿದ್ಯಾಲಯ ಸೇರಿದಳು, ಬೀಜಶಾಸ್ತ್ರ ಹಿಡಿದಳು, ಸಂಶೋಧನೆಗೆ ವಿಷಯ ಆರಿಸಿಕೊಳ್ಳುವ ದಿನ ಬಂದಾಗ, ತನ್ನ ಆಯಿಯ, ಅಂದರೆ ಅಜ್ಜಿಯ, ಹಗೇವನ್ನೇ ಆರಿಸಿಕೊಂಡಳು. ಸತತ ಮೂರು ಸುಗ್ಗಿಗಳಲ್ಲಿ ಚಪ್ಪಡಿ ಸರಿಸಿದಾಗಲೆಲ್ಲ ಬಂದು, ಉದ್ದನೆಯ ಕೊಳವೆ ಇಳಿಸಿ ಕಾಳು ತೆಗೆದು, ತೇವ ಅಳೆದು, ಚೀಲ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಒಯ್ದಳು. ಮೂರನೆಯ ಸುಗ್ಗಿಯ ಕಾಳು ಮೊದಲನೆಯದರಷ್ಟೇ ಸೊಗಸಾಗಿ ಮೊಳೆಯಿತು. ಅದನ್ನು ಅವಳು ಹೇಳಿದ ದಿನ ಅಕ್ಕ ಓಣಿಯ ತುಂಬ ಸಕ್ಕರೆ ಹಂಚಿದಳು. "ಪುಸ್ತಕದಾಗ ಬರತೈತಿ. ಪರದೇಶದ ಮಂದಿ ಓದತಾರ. ಮುಚ್ಚಸರಿ ಮುಚ್ಚಸರಿ ಅಂತಿದ್ರೆಲ್ಲ, ಈಗ ಬರ್ರಿ ಮಾತಾಡಾಕ!"

ಆ ಲೇಖನ ಪ್ರಕಟವಾಗುವ ಮುನ್ನ ಪರೀಕ್ಷೆಗೆ ಒಳಗಾಗಬೇಕಾಗಿತ್ತು. ಹಿಂದೆ ಈ ಕೆಲಸವನ್ನು ಬೇರೆ ವಿದ್ವಾಂಸರು ಓದಿ ಮಾಡುತ್ತಿದ್ದರು; ಈಗಲೂ ಮಾಡುತ್ತಾರೆ. ಆದರೆ ಅವರ ಕೈಗೆ ಹೋಗುವ ಮೊದಲು, ಲೇಖನವನ್ನೂ ಅದರ ಹಿಂದಿನ ಕಚ್ಚಾ ಅಂಕಿಗಳನ್ನೂ ಎಐ ಏಜೆಂಟುಗಳ ಒಂದು ಗುಂಪಿಗೆ ಒಪ್ಪಿಸುವ ಪದ್ಧತಿ ಅವಳ ವಿಭಾಗದಲ್ಲಿ ಬಂದಿತ್ತು. ಏಜೆಂಟು ಎಂದರೆ ಒಂದೊಂದು ಕೆಲಸವನ್ನು ವಹಿಸಿಕೊಟ್ಟ ಯಂತ್ರಬುದ್ಧಿ. ಒಂದು, ಕಚ್ಚಾ ಅಂಕಿಗಳಿಂದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡುತ್ತದೆ. ಇನ್ನೊಂದು, ಈ ಲೇಖನವನ್ನಷ್ಟೇ ಓದಿ ಬೇರೊಬ್ಬ ಅಪರಿಚಿತ ಇದೇ ಪ್ರಯೋಗವನ್ನು ಮಾಡಿದರೆ ಇದೇ ಫಲ ಸಿಗುವುದೇ ಎಂದು ಕೇಳುತ್ತದೆ. ಮತ್ತೊಂದಕ್ಕೆ ತಕರಾರು ತೆಗೆಯುವುದೇ ಉದ್ಯೋಗ.

"ನಿಮ್ಮ ಕುಲದ್ದ ಐತಿ ನೋಡ್ರಿ ಅಜ್ಜಾ" ಎಂದು ಮೊಮ್ಮಗಳು ನಕ್ಕಳು. ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ನನ್ನ ಮನೆಗೆ ಬಂದು, ಮಧ್ಯಾಹ್ನ ಊಟ ಮುಗಿಸಿ, ಲ್ಯಾಪ್‌ಟಾಪನ್ನು ನನ್ನ ಹಳೆಯ ಕೆಲಸದ ಮೇಜಿನ ಮೇಲೆ ಇಟ್ಟಿದ್ದಳು. ವರದಿ ಆಗಷ್ಟೇ ಬಂದಿತ್ತು.

ಮೊದಲು ನಾನು ಯಂತ್ರವನ್ನೇ ಶಂಕಿಸಿದೆ. ಏಜೆಂಟುಗಳಲ್ಲಿ ಒಂದು, ಹಗೇವಿನ ಒಳಗೋಡೆ ಸಿಮೆಂಟಿನದೆಂದು ಭಾವಿಸಿ ಆಕ್ಷೇಪ ಬರೆದಿತ್ತು. "ನೋಡು, ಹಗೇವಿನ ಗಾಳೀನ ತಿಳಿದಿಲ್ಲ ಇದಕ್ಕ" ಎಂದೆ. ಆದರೆ ಕೆಳಗೆ ಓದುತ್ತ ಹೋದಂತೆ, ಎರಡನೆಯದು ಲೇಖನದಲ್ಲಿ ಸಿಮೆಂಟಿನ ಮಾತೇ ಇಲ್ಲವೆಂದು ಮೊದಲನೆಯದನ್ನು ತಿದ್ದಿತ್ತು; ಮೊದಲನೆಯದು ತನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿತ್ತು. ತಪ್ಪಾಯಿತೆಂದು ಹೇಳಿ ಮುಂದೆ ಹೋಗುವವರನ್ನು ನಾನು ನನ್ನ ಆಯುಷ್ಯದಲ್ಲಿ ಹೆಚ್ಚು ಕಂಡಿಲ್ಲ. ನನ್ನ ಬಿಗಿ ಸ್ವಲ್ಪ ಸಡಿಲಾಯಿತು. ಲೆಕ್ಕ ಮಾಡುವ ಏಜೆಂಟಿಗೆ ಕನ್ನಡದಲ್ಲಿಯೇ ಕೇಳಿದೆ: ನೀನು ಹೇಳುವುದನ್ನು ನಾನು ಯಾಕೆ ನಂಬಬೇಕು? ಅದು ತನ್ನ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿಟ್ಟು, ತಾನು ಎಲ್ಲಿ ತಪ್ಪಿರಬಹುದೆಂಬುದನ್ನೂ ಕೆಳಗೆ ಬರೆದು, ನೀವೇ ಮಾಡಿ ನೋಡಿ ಎಂದಿತು. ಪೆನ್ಸಿಲು ಹಿಡಿದು ಮಾಡಿದೆ. ಸರಿಯಾಗಿತ್ತು.

ಅವು ಕಂಡುಹಿಡಿದದ್ದು ಎರಡು ಸಂಗತಿ. ಮನೆಯವರು ಪ್ರತಿ ಸುಗ್ಗಿಗೆ ವರ್ಷದ ಕಾಳನ್ನು ಆ ಹಗೇವಿನಿಂದಲೇ ತೆಗೆಯುತ್ತಿದ್ದರೆಂದು ಮೊಮ್ಮಗಳು ಬರೆದಿದ್ದಳು. ಕೊಳವೆ ಇಳಿಸುವಾಗ ಬಾಯಿಯಿಂದ ಕಾಳಿನವರೆಗಿನ ಆಳವನ್ನೂ ಗುರುತು ಮಾಡಿಕೊಂಡಿದ್ದಳು. ಆ ಆಳ ಹೆಚ್ಚುತ್ತ ಹೋಗಬೇಕಾಗಿತ್ತು. ಹೆಚ್ಚಿರಲಿಲ್ಲ. ಇನ್ನೊಂದು, ಎರಡನೆಯ ಸುಗ್ಗಿಗಿಂತ ಮೂರನೆಯ ಸುಗ್ಗಿಯ ಕಾಳು ಚೆನ್ನಾಗಿ ಮೊಳೆತಿತ್ತು. ಬೀಜದ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಇವೆರಡನ್ನೂ ಮುಂದಿಟ್ಟು, ತಕರಾರಿನ ಏಜೆಂಟು ಕೇಳಿತ್ತು: ಪ್ರತಿ ಸಲ ಮುಚ್ಚುವ ಮುನ್ನ ಕಣಜಕ್ಕೆ ಹೊಸ ಧಾನ್ಯವನ್ನು ಸೇರಿಸಲಾಗಿತ್ತೇ?

"ಏನ್ ಹುಚ್ಚ ಪ್ರಶ್ನಿರಿ ಇದು! ಆಯಿನ್ನ ಪ್ರತಿ ಸಲಾ ಕೇಳೇನಿ. ನಡುವ ಯಾರೂ ತಗದಿಲ್ಲ ಅಂತ ಆಕೀನ ಹೇಳ್ಯಾಳ."

"ತಗದಿದ್ದು ಕೇಳಿ. ಹಾಕಿದ್ದು ಕೇಳಿಯೇನು?" ಎಂದೆ.

ಅವಳು ನನ್ನ ಮುಖ ನೋಡಿದಳು. ಲೇಖನವೇ ಅವಳ ಪದವಿಯ ಪ್ರಬಂಧದ ಬೆನ್ನೆಲುಬು. ಆದರೆ ಆ ಕ್ಷಣಕ್ಕೆ ಅವಳು ಹೇಳಿದ್ದು ಪದವಿಯ ಮಾತನ್ನಲ್ಲ. "ಆಯಿ ಓಣಿಗೆಲ್ಲಾ ಸಕ್ರಿ ಹಂಚ್ಯಾಳ್ರಿ ಅಜ್ಜಾ" ಎಂದಳು.

ಮರುದಿನವೇ ಇಬ್ಬರೂ ಚಚಡಿಗೆ ಹೋದೆವು. ಅಕ್ಕ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊಮ್ಮಗಳು ಬಳಿ ಕುಳಿತು, ಹೇಗೆ ಆರಂಭಿಸುವುದೆಂದು ತಿಳಿಯದೆ, ಅವಳ ಮೊರದಿಂದಲೇ ಹರಳು ಆರಿಸತೊಡಗಿದಳು. ಕೊನೆಗೆ ಕೇಳಿದಳು.

"ಆಯಿ, ಹಗೇವ ಮುಚ್ಚೋ ಮುಂದ ನೀ ಏನರ ಹಾಕತಿಯೇನು ಒಳಗ?"

ಅಕ್ಕ ಕೈ ನಿಲ್ಲಿಸಲಿಲ್ಲ. "ಹಾಕದ ಹೆಂಗ ಮುಚ್ಚತಾರ? ತಗದಷ್ಟು ಹೊಸಾದು ಹಾಕೇ ಮುಚ್ಚೂದು. ಬರಿದ ಮಾಡಿ ಮುಚ್ಚಿದ್ರ ನಡದೀತೇನು?"

"ಮತ್ತ ನನಗ ಹೇಳೇ ಇಲ್ಲಲ್ಲ!"

"ನೀ ಕೇಳೇ ಇಲ್ಲ. 'ಯಾರರ ತಗದಾರೇನ ಆಯಿ' ಅಂದಿ. ಇಲ್ಲಂದೆ. ಹಾಕಿದ್ದ ಯಾರ ಕೇಳಿದ್ರು? ಅದೂ ಅಲ್ಲದ ಅದು ಹೇಳೂ ಮಾತಲ್ಲ. ನಮ್ಮತ್ತಿ ನನಗ ಹಂಗ ಹೇಳಿ ಕೊಟ್ಟಾಳ. ಹೊತ್ತ ಹೊಂಡೂದ್ರಾಗ ಎದ್ದು, ಸೆರಗ ಹೊತ್ಕೊಂಡು, ಬಾಯಿ ಮುಚ್ಕೊಂಡು ಹಾಕಿ ಬರಬೇಕು. ಹಾಕೇನಿ ಅಂತ ಡಂಗುರಾ ಸಾರಿದ್ರ ಹಾಕಿದ್ದು ಭೂಮಿತಾಯಿಗೆ ಮುಟ್ಟಂಗಿಲ್ಲ."

ಪ್ರತಿ ಸಲ ಹುಡುಗಿ ಚೀಲ ಕಟ್ಟಿಕೊಂಡು ಬಸ್ಸು ಹತ್ತಿದ ಮೇಲೆ, ಮರುದಿನ ಬೆಳಕು ಹರಿಯುವ ಮುನ್ನ, ಅಕ್ಕ ಒಬ್ಬಳೇ ಹೊಸ ಜೋಳವನ್ನು ಸುರಿದು ಮಣ್ಣು ಮೆತ್ತುತ್ತಿದ್ದಳು. ಮುಂದಿನ ಸುಗ್ಗಿಗೆ ಕೊಳವೆ ಇಳಿದಾಗ ಮೊದಲು ಸಿಗುತ್ತಿದ್ದದ್ದು ಅದೇ ಕಾಳು. ಪುಸ್ತಕದ ಯಾವ ವಿಧಾನವೂ ಈ ಪ್ರಶ್ನೆಯನ್ನು ಕೇಳಲು ಹುಡುಗಿಗೆ ಕಲಿಸಿರಲಿಲ್ಲ. ಈ ಮನೆಯ ಹೊರಗೆ ಹುಟ್ಟಿದ ಯಂತ್ರಕ್ಕೆ ಕೇಳಬೇಕೆನ್ನಿಸಿತು, ಅದಕ್ಕೆ ಅಂಕಿಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲವಾದ್ದರಿಂದ.

ಮೊಮ್ಮಗಳು ಹರಳು ಆರಿಸುವುದನ್ನು ಬಿಟ್ಟದ್ದರಿಂದ ಅಕ್ಕನಿಗೆ ಏನೋ ತಿಳಿಯಿತು. ಮೊರವನ್ನು ಕೆಳಗಿಟ್ಟಳು. "ಯಾಕವ್ವಾ? ಹಾಕಬಾರದಿತ್ತೇನು?"

"ಹಂಗಲ್ಲ ಆಯಿ. ನಾ ಒಯ್ದು ಬಿತ್ತಿದ್ದು ಹಳೀ ಜ್ವಾಳೋ ಹೊಸಾದೋ, ಈಗ ಹೇಳಾಕ ಬರಂಗಿಲ್ಲ."

"ಅಂದ್ರ ಹುಟ್ಟಿದ್ದು ಹೊಸಾದಿರಬೇಕು."

"ಇರಬೇಕು."

"ಮತ್ತ ಇಷ್ಟು ವರ್ಷ ನಾ ಮಂದಿಗೆ ಹೇಳಿಕೋತ ಬಂದಿದ್ದು?"

ಒಂದು ಗುಬ್ಬಿ ಇಳಿದು ಮೊರದ ಅಂಚಿನಲ್ಲಿ ಕಾಳು ಕುಕ್ಕತೊಡಗಿದರೂ ಅಕ್ಕ ಅದನ್ನು ಓಡಿಸಲಿಲ್ಲ.

ನನ್ನ ಕಡೆಗೆ ತಿರುಗಿ, ಮೊಮ್ಮಗಳಿಗೆ ಕೇಳಲೆಂದೇ ಹೇಳಿದಳು: "ಒಂದ ವರ್ಷ ಹಾಕಲಿಲ್ಲ. ನಿನಗ ನೆನಪೈತಿಲ್ಲೋ ತಮ್ಮಾ? ಇಕೀ ಅಪ್ಪ ತಗಡಿನ ಕಣಜ ತರತೇನಿ, ಈ ತಗ್ಗ ಬಿಟ್ಟ ಬಿಡು ಯವ್ವಾ ಅಂದ. ಮಗನ ಮಾತು. ತಗದೆ, ತಿರುಗಿ ಹಾಕಲಿಲ್ಲ. ಹಂಗ ಬರಿದ ಮುಚ್ಚಿದೆ. ಅದ ವರ್ಷ ಹ್ವಾದ."

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಆಗ ವಾದಿಸಿದ್ದೆ: ಟ್ರ್ಯಾಕ್ಟರಿಗೆ ಹಿಂದೆ ದೀಪ ಇರಲಿಲ್ಲ, ಅದು ಕಾರಣ, ಹಗೇವಿಗೂ ಅದಕ್ಕೂ ಏನು ಸಂಬಂಧ? ನನ್ನ ವಾದ ಅಂದೂ ಸರಿಯಾಗಿತ್ತು, ಇಂದೂ ಸರಿಯಾಗಿದೆ. ಆದರೆ ಮೊಮ್ಮಗಳು ಈ ಮಾತನ್ನು ಕೇಳಿದ್ದು ಅದೇ ಮೊದಲು. ಅವಳು ಎದ್ದು ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ನಿಂತಳು.

ಹಿಂದೆಯೇ ಹೋದೆ. "ಲೇಖನ ಹಿಂದಕ ತಗೋತೇನ್ರಿ" ಎಂದಳು. "ಸುಮ್ಮನ ಮೊದಲ ವರ್ಷದ್ದಷ್ಟ ಇಟ್ಟು ಕಳಿಸಬಹುದು. ಯಾರಿಗೂ ತಿಳಿಯಂಗಿಲ್ಲ. ಆದ್ರ ನನಗ ತಿಳಿದೈತಲ್ಲ."

"ವರದಿಯೊಳಗ ದಾರೀನೂ ಹೇಳೇತಿ. ಹೊಸದಾಗಿ ಮಾಡಿ ನೋಡು ಅಂತ."

"ಅದನ್ನ ಆಯಿಗೆ ಯಾವ ಬಾಯಿಲೆ ಕೇಳಲಿ?"

"ಏನ್ ಹೇಳೇತಿ ಓದು" ಎಂದು ಕಟ್ಟೆಯಿಂದ ಅಕ್ಕನ ದನಿ ಬಂತು. ಅವಳ ಕಿವಿ ಕೊನೆಯವರೆಗೂ ಚುರುಕಾಗಿತ್ತು.

ಮೊಮ್ಮಗಳು ಓದಿ ಹೇಳಿದಳು. ಕಣಜವನ್ನು ಪೂರ್ತಿ ಬರಿದು ಮಾಡಿ, ಯಾವ ಸುಗ್ಗಿಯದೆಂದು ಖಚಿತವಾಗಿ ಗೊತ್ತಿರುವ ಜೋಳವನ್ನು ತುಂಬುವುದು. ನಡುವೆ ತೆರೆದು ಒಂದಿಷ್ಟು ತೆಗೆದು ಪರೀಕ್ಷಿಸುವುದು. ಮುಂದಿನ ಸುಗ್ಗಿಗೆ ಮತ್ತೆ ಪರೀಕ್ಷಿಸುವುದು. ತೆಗೆದ ಜಾಗಕ್ಕೆ ಏನನ್ನೂ ಸೇರಿಸಬಾರದು.

"ಅದಕ್ಕ ನಮ್ಮ ಮನಿ ಸುದ್ದಿ ಗೊತ್ತೈತೇನು?"

"ಇಲ್ಲ ಆಯಿ."

"ಗೊತ್ತಿದ್ರ ಕೇಳತಿದ್ದಿಲ್ಲ ಬಿಡು. ಪಾಪ." ಯಂತ್ರಕ್ಕೆ ಪಾಪವೆಂದವರನ್ನು ನಾನು ಅಂದೇ ಕಂಡದ್ದು. ಅಕ್ಕ ಮೊರವನ್ನು ಮತ್ತೆ ಎತ್ತಿಕೊಂಡಳು. ಹಸನಾದ ಜೋಳವನ್ನು ಡಬ್ಬಿಗೆ ಸುರಿದು, ಮೊರ ಬಡಿದು, ಗೋಡೆಗೆ ಒರಗಿಸಿ ಬಂದು, ನಿಂತೇ ಹೇಳಿದಳು: "ಮಾಡು. ನಾ ಮಂದಿಗೆ ಹೇಳಿದ್ದು ಖರೇವೋ ಸುಳ್ಳೋ ನನಗೂ ತಿಳೀಬೇಕು. ಆದ್ರ ಅದು ಮುಗಿಯೂ ತನಾ ನೀ ಸ್ಕೂಟರ್ ಹತ್ತಂಗಿಲ್ಲ. ಬಸ್ಸಿನಾಗ ಅಡ್ಡಾಡಬೇಕು. ಆಣಿ ಮಾಡು."

ಮೊಮ್ಮಗಳು ಅವಳ ತಲೆ ಮುಟ್ಟಿ ಆಣೆ ಮಾಡಿದಳು. ಲೇಖನವನ್ನು ಹಿಂತೆಗೆದುಕೊಂಡು, ಯಾಕೆಂಬುದನ್ನು ತನ್ನ ಮಾರ್ಗದರ್ಶಕರಿಗೂ ಬರೆದಳು. ಅವರು ಬೈಯಲಿಲ್ಲವಂತೆ, ಒಂದು ವರ್ಷ ಹೋಯಿತು ಎಂದಷ್ಟೇ ಅಂದರಂತೆ.

ಆ ಸುಗ್ಗಿಗೆ ಹಗೇವನ್ನು ತಳದವರೆಗೆ ಬಳಿದು, ಹೊಸ ಜೋಳ ತುಂಬಿದೆವು. ತುಂಬಿದ ದಿನ ಅಕ್ಕ ಗೆಲುವಾಗಿಯೇ ಇದ್ದಳು; ಹೊಟ್ಟೆ ತುಂಬಿದ ಹಗೇವಿಗೆ ಅವಳ ದೃಷ್ಟಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಬಂದದ್ದು ಸೀಗಿ ಹುಣ್ಣಿಮೆಯಾದ ಮೇಲೆ. ಸುತ್ತಲಿನ ಹೊಲಗಳಲ್ಲಿ ಮಂದಿ ಭೂಮಿತಾಯಿಗೆ ಚರಗವೆಂದು ಅಡುಗೆಯ ಎಡೆ ಚೆಲ್ಲಿ ಇನ್ನೂ ವಾರ ತುಂಬಿರಲಿಲ್ಲ. ನಾವು ಚಪ್ಪಡಿ ಸರಿಸಿ, ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡಿ, ಒಂದು ಚೀಲ ಕಾಳು ತೆಗೆದೆವು. ಕಾಳಿನ ನಡುವೆ ತಗ್ಗು ಬಿದ್ದದ್ದು ಮೇಲಿನಿಂದಲೇ ಕಾಣುತ್ತಿತ್ತು. ಅಕ್ಕ ಇಣುಕಿ ನೋಡಿದಳು. ಅವಳ ಎರಡೂ ಕೈ ಸೆರಗಿನೊಳಗಿದ್ದವು.

"ಒಂದ ಮುಟಿಗಿ?" ಎಂದಳು, ಯಾರನ್ನೂ ನೋಡದೆ.

ಮೊಮ್ಮಗಳ ಕಣ್ಣು ತುಂಬಿದವು. "ನಾ ಹೆಂಗ ಬ್ಯಾಡ ಅನಲಿ ಆಯಿ? ನೀ ಹಾಕತೇನಿ ಅಂದ್ರ ಹಾಕು. ಈ ಪ್ರಯೋಗ ಇಲ್ಲೇ ಬಿಡೂಣು."

"ಬ್ಯಾಡ. ಆತು. ಸರೀರಿ." ನಮ್ಮನ್ನು ಸರಿಸಿ ತಾನೇ ಮಣ್ಣು ಕಲೆಸಿ ಮೆತ್ತಿದಳು. ಅಂದು ಅವಳು ನಮಗೆ ಬಡಿಸಿದಳು, ತಾನು ಉಣ್ಣಲಿಲ್ಲ.

ಅಂದಿನಿಂದ ದಿನವೂ ಸಂಜೆ ನನ್ನ ಫೋನು ರಿಂಗಣಿಸುತ್ತಿತ್ತು. "ಕೂಸು ಮನಿ ಮುಟ್ಟಿತೇನ ತಮ್ಮಾ?" ನಾನು ರಾಮದುರ್ಗಕ್ಕೆ ಕೇಳಿ, ಮುಟ್ಟಿದೆ ಎಂದು ತಿಳಿಸಬೇಕು. ನೇರವಾಗಿ ಮೊಮ್ಮಗಳಿಗೇ ಕೇಳು ಎಂದರೆ, "ಅಕೀಗೆ ದಿನಾ ಕೇಳಿದ್ರ ಅಂಜತೈತಿ ಕೂಸು" ಎನ್ನುವಳು. ಮೊದಮೊದಲು ಗದರಿದೆ. "ಅಕ್ಕಾ, ಬಸ್ಸಿಗೂ ಜ್ವಾಳಕ್ಕೂ ಏನ ಸಂಬಂಧ ಹೇಳು" ಎಂದರೆ, "ನಿನಗ ಗೊತ್ತಿಲ್ಲ ಅಂದ್ರ ಇಲ್ಲ ಅಂತಲ್ಲ" ಎಂದು ನಾನು ಮಂದಿಗೆ ಹೇಳುವ ಮಾತನ್ನೇ ನನಗೆ ತಿರುಗಿಸಿದಳು.

ಒಂದು ಸಂಜೆ ಮೊಮ್ಮಗಳ ಫೋನು ಹತ್ತಲಿಲ್ಲ. ಸವದತ್ತಿ ಬಿಟ್ಟ ಬಸ್ಸು ರಾಮದುರ್ಗ ಮುಟ್ಟಿರಲಿಲ್ಲ. ಅಕ್ಕನಿಗೆ ಏನು ಹೇಳಲಿ ಎಂದು ಅಂಗಡಿಯ ಮುಂದೆ ಅಡ್ಡಾಡುತ್ತಿದ್ದಾಗ, ಕಾಳಿನ ನಡುವಿನ ಆ ತಗ್ಗು ನನ್ನ ಕಣ್ಣ ಮುಂದೆ ಬಂತು. ಬೇಡವೆಂದರೂ ಬಂತು. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನಾಗಿಯೇ ನೆನೆದೆ. ಆಮೇಲೆ ಹುಡುಗಿ ಕರೆ ಮಾಡಿ, "ಟಾಯರ್ ಪಂಚರ್ ಆಗಿತ್ರಿ ಅಜ್ಜಾ, ಯಾಕ ದಮ್ಮ ಹತ್ತೇತಿ ನಿಮಗ?" ಎಂದು ನಕ್ಕಳು. ಅಕ್ಕ ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಸುರಿಯುತ್ತಿದ್ದ ಜೋಳ ಅವಳಿಗೆ ನೆಮ್ಮದಿಯ ನಿದ್ದೆ ಕೊಡುತ್ತಿತ್ತು. ನಾವು ಅವಳಿಂದ ಕಿತ್ತುಕೊಂಡದ್ದು ಅದನ್ನು. ಅದನ್ನು ಅರಿಯಲು ನನಗೆ ಆ ಸಂಜೆ ಬೇಕಾಯಿತು.

ಚಳಿಗಾಲದಲ್ಲಿ ಅಕ್ಕನ ಊಟ ಕಡಿಮೆಯಾಯಿತು. ಬೈಲಹೊಂಗಲದ ವೈದ್ಯರು ಅವಳ ಹೃದಯ ದುರ್ಬಲವಾಗಿದೆಯೆಂದು ಬಹಳ ಹಿಂದೆಯೇ ಹೇಳಿದ್ದರು. ಈಗ ಮತ್ತೆ ಹೇಳಿದರು. ಸೊಸೆ ರಾಮದುರ್ಗದಿಂದ ಬಂದು ಜೊತೆಗೆ ಉಳಿದಳು. ಸಂಕ್ರಾಂತಿ ಸಮೀಪಿಸಿದಾಗ ಒಂದು ಮಧ್ಯಾಹ್ನ, ಬಿಸಿಲಿಗೆಂದು ಕಟ್ಟೆಯ ಮೇಲೆ ಮಲಗಿದ್ದವಳು ಏಳಲಿಲ್ಲ.

ಮಣ್ಣು ಮುಗಿಸಿ ಬಂದು ಅಂಗಳದಲ್ಲಿ ಕುಳಿತಿದ್ದಾಗ, ಓಣಿಯ ಹೆಂಗಸರು ತಮ್ಮತಮ್ಮಲ್ಲಿ ಆಡುವುದು ಕೇಳುತ್ತಿತ್ತು.

"ಹಗೇವ ಬರಿದ ಮುಚ್ಚಿದ್ರಂತ."

"ಮತ್ತೇನಾಗಬೇಕು? ಒಮ್ಮೆ ಮಗನ್ನ ಕಳಕೊಂಡಾಳ. ಈ ಸಲಾ ಮೊಮ್ಮಗಳ ಮ್ಯಾಲೆ ಬರೂದನ್ನ ತನ್ನ ಮ್ಯಾಲೆ ತಗೊಂಡ್ಲು ಮುದುಕಿ."

ನನ್ನ ಬಾಯಿಯವರೆಗೆ ಉತ್ತರ ಬಂತು. ಇಡೀ ಆಯುಷ್ಯ ಇಂಥ ಮಾತನ್ನು ಕೇಳಿ ಸುಮ್ಮನಿದ್ದವನಲ್ಲ. ಹೃದಯ ದುರ್ಬಲವಾಗಿತ್ತು, ವಯಸ್ಸಾಗಿತ್ತು ಎಂದು ಹೇಳಬಹುದಿತ್ತು. ಆದರೆ ದಿನವೂ ಸಂಜೆ ಕೂಸು ಮನೆ ಮುಟ್ಟಿತೇ ಎಂದು ಕೇಳುತ್ತಿದ್ದ ಆ ದನಿಯನ್ನು ಕೇಳಿದವನು ನಾನೇ. ಹಗೇವು ಅವಳನ್ನು ಕೊಲ್ಲಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಅಂಜಿಕೆ ಏನೂ ಮಾಡಲಿಲ್ಲ ಎಂದು ಹೇಳಲು ನನ್ನ ಬಳಿ ಯಾವ ಆಧಾರವಿದೆ? ಹಾಗೆ ತೋರಿಸಬೇಕಾದರೆ ಇದೇ ಅಕ್ಕನನ್ನು ಇದೇ ಚಳಿಗಾಲಕ್ಕೆ ಮತ್ತೆ ತಂದು, ಹಗೇವಿಗೆ ಜೋಳ ಹಾಕಿಸಿ ನೋಡಬೇಕು. ಸುಮ್ಮನೆ ಕುಳಿತೆ.

ಸೊಸೆ ಮಾತ್ರ ಸುಮ್ಮನಿರಲಿಲ್ಲ. ಹೊರಗಿನವರು ಎದ್ದು ಹೋದ ಕೂಡಲೇ ಬುಟ್ಟಿಯಲ್ಲಿ ಜೋಳ ತಂದು ಮಗಳ ಮುಂದೆ ಇಟ್ಟಳು. "ತಗಿ, ಹಾಕು. ಇವತ್ತ ಹಾಕು. ನನಗ ಇರಾಕಿ ನೀ ಒಬ್ಬಾಕಿ."

"ಆಯಿ ಹಾಕಬ್ಯಾಡ ಅಂದಾಳವ್ವಾ."

"ಆಯಿ ಎಲ್ಲದಾಳು ಈಗ?"

"ಅದಕ್ಕ ಹಾಕಂಗಿಲ್ಲ. ಈಗ ಹಾಕಿದ್ರ ಆಕಿ ಪಟ್ಟಿದ್ದೆಲ್ಲಾ ಸುಮ್ಮ ಹೋಗತೈತಿ."

ತಾಯಿ ಮಗಳಿಗೆ ಒಂದು ಏಟು ಹಾಕಿದಳು. ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತಳು. ಬುಟ್ಟಿ ಅಲ್ಲಿಯೇ ಇತ್ತು. ಅದನ್ನು ಒಳಗೆ ಒಯ್ದಿಟ್ಟವನು ನಾನು.

ಸುಗ್ಗಿ ಬಂತು. ಹಗೇವಿನ ಬಾಯಿಯ ಮಣ್ಣು ಕಲ್ಲಿನಂತೆ ಒಣಗಿತ್ತು. ಗುದ್ದಲಿ ಎತ್ತುವ ಮುನ್ನ ಮೊಮ್ಮಗಳು ನನ್ನ ಕೈ ಹಿಡಿದು ತಡೆದಳು. ಮಣ್ಣಿನ ತುಂಬ ಅಕ್ಕನ ಬೆರಳಿನ ಗೆರೆಗಳಿದ್ದವು. ಬದಿಯಲ್ಲಿ ಅಂಗೈಯನ್ನು ಒತ್ತಿ ಎಳೆದ ಗುರುತೂ ಇತ್ತು. ಎಲ್ಲಿಯೂ ಬಿರುಕಿರಲಿಲ್ಲ. ಹುಡುಗಿ ಫೋನು ತೆಗೆದು ಫೋಟೋ ಹಿಡಿದಳು. ಆಮೇಲೆ ಗುದ್ದಲಿಯನ್ನು ನನ್ನ ಕೈಯಿಂದ ತಾನೇ ಇಸಿದುಕೊಂಡಳು. ಮೊದಲ ಏಟಿಗೆ ಅದು ಒಡೆಯಲಿಲ್ಲ.

ಕಾಳು ಮೊಳೆಯಿತು. ಅಕ್ಕ ಹೇಳುತ್ತಿದ್ದಷ್ಟಲ್ಲ, ಪಕ್ಕದ ಮನೆಯ ಡ್ರಮ್ಮಿನ ಜೋಳಕ್ಕಿಂತ ತುಸು ಹೆಚ್ಚು. ಒಂದು ವರ್ಷದ ಪ್ರಯೋಗದಿಂದ ಇದಕ್ಕಿಂತ ಹೆಚ್ಚೇನೂ ಹೇಳಲಾಗದೆಂದು ಮೊಮ್ಮಗಳು ಬರೆದಳು. ಮೂರು ಸುಗ್ಗಿಯ ಮಾತನ್ನು ಪೂರ್ತಿ ತೆಗೆದುಹಾಕಿದಳು. ಪುಟ್ಟ ಲೇಖನವಾಯಿತು.

ಅದನ್ನು ಮತ್ತೆ ಏಜೆಂಟುಗಳಿಗೆ ಒಪ್ಪಿಸಿದ ದಿನ ನಾನು ಅವಳ ಪಕ್ಕದಲ್ಲಿದ್ದೆ. ಈ ಬಾರಿ ಲೆಕ್ಕ ಕೂಡಿಬಂತು, ಆಳ ಹೊಂದಿತು. ತಕರಾರಿನ ಏಜೆಂಟಿನ ಪ್ರಶ್ನೆ ಒಂದೇ ಉಳಿಯಿತು: ಈ ಅವಧಿಯಲ್ಲಿ ಕಣಜಕ್ಕೆ ಧಾನ್ಯ ಸೇರಿಸಿಲ್ಲ ಎಂದು ಹೇಳಿದ್ದೀರಿ. ಇದಕ್ಕೆ ಆಧಾರವೇನು? ಕಣಜವನ್ನು ಮುಚ್ಚಿದವರು ಯಾರು, ಮುಚ್ಚಿದ್ದು ಹಾಗೆಯೇ ಇತ್ತೆಂದು ಹೇಗೆ ಗೊತ್ತು?

ಕೇಳಬೇಕಾದ ಪ್ರಶ್ನೆ. ಅದರ ಸ್ಥಾನದಲ್ಲಿದ್ದಿದ್ದರೆ ನಾನೂ ಕೇಳುತ್ತಿದ್ದೆ. ಆದರೂ ಲ್ಯಾಪ್‌ಟಾಪನ್ನು ಮುಚ್ಚಿಬಿಡೋಣವೆನ್ನಿಸಿತು.

ಮೊಮ್ಮಗಳು ಒಡೆಯದ ಮಣ್ಣಿನ ಫೋಟೋ ಲಗತ್ತಿಸಿದಳು. 'ಕಣಜವನ್ನು ಮುಚ್ಚಿದವರು ನನ್ನ ಅಜ್ಜಿ. ತೆರೆಯುವವರೆಗೂ ಮಣ್ಣಿನ ಮೇಲಿನ ಅವರ ಕೈಗುರುತು ಹಾಗೆಯೇ ಇತ್ತು. ಅವರು ಈಗ ಇಲ್ಲ' ಎಂದು ಟೈಪು ಮಾಡಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೊನೆಯ ವಾಕ್ಯವನ್ನು ಅಳಿಸಿದಳು.

"ಯಾಕ ತಗದಿ? ಇರಲಿ ಬಿಡು" ಎಂದೆ.

"ಅದು ಪುರಾವಿ ಅಲ್ರಿ ಅಜ್ಜಾ" ಎಂದು ಹೇಳಿ, ಉಳಿದದ್ದನ್ನು ಕಳಿಸಿದಳು.